ಬಾಗಿಲ ಹಿಂದಿನ ಕೋಣೆ

ಹದಿನೆಂಟು ವರ್ಷದ ಹಿಂದೆ ಇಲ್ಲುಗಿ ತನ್ನ ಹೆಂಡತಿ ದಾಗ್ನಿಗೆ ಒಂದು ಮಾತು ಕೊಟ್ಟಿದ್ದ.

ಆಗ ಅವರ ಮೊದಲ ಮಗುವಿಗೆ ಮೂರು ತಿಂಗಳು. ಸ್ಕೆಲ್‌ವೀಕ್ ಬಂದರಿನ ಹಡಗುಗಳ ಸೈರನ್ ಕೂಡ ನಾಚುವಂತೆ ಅದು ಅಳುತ್ತಿತ್ತು. ದಾಗ್ನಿ ಅದನ್ನು ಹೆಗಲಿಗೆ ಹಾಕಿಕೊಂಡು, ಅಡುಗೆಮನೆಯಲ್ಲಿ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆಯುತ್ತಾ, ಇನ್ನೊಂದು ಕೈಯಲ್ಲಿ ಗಂಡ ಬರೆದ ಕಾದಂಬರಿಯ ಮೊದಲ ಅಧ್ಯಾಯ ಹಿಡಿದು ಓದಿದಳು. ಬೆಟ್ಟದ ಹೊಟ್ಟೆಯೊಳಗೆ ಒಂದು ಕಲ್ಲಿನ ಬಾಗಿಲು. ಅದರ ಮುಂದೆ ಸಾವಿರ ವರ್ಷದಿಂದ ಕಣ್ಣು ಮುಚ್ಚದೆ ಕೂತ ಒಂದು ಡ್ರ್ಯಾಗನ್. ಹತ್ತಿರ ಬಂದವರನ್ನೆಲ್ಲ ಅದು ಬೆಂಕಿಯುಗುಳಿ ಓಡಿಸುತ್ತಿತ್ತು.

"ಬಾಗಿಲ ಹಿಂದೆ ಏನಿದೆ?" ಎಂದು ಕೇಳಿದಳು ದಾಗ್ನಿ.

ಅದು ಇಲ್ಲುಗಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವಷ್ಟು ದೊಡ್ಡ ಲೇಖಕ ಅವನಿನ್ನೂ ಆಗಿರಲಿಲ್ಲ.

"ಅದು ಕೊನೇಲಿ ಗೊತ್ತಾಗೋದು. ಆ ಕೊನೇನ ಇಡೀ ಪ್ರಪಂಚದಲ್ಲಿ ಮೊದಲು ಕೇಳೋಳು ನೀನೇ. ನಿನಗಿಂತ ಮುಂಚೆ ಒಂದು ನರಪಿಳ್ಳೆಗೂ ಹೇಳಲ್ಲ."

"ಆಣೆ?"

"ಆಣೆ."

ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ದಾಗ್ನಿ ಮೀನಿನ ಲಾರಿ ಹತ್ತಿದಳು. ಸ್ಕೆಲ್‌ವೀಕಿನ ಮೀನನ್ನು ರಾಜಧಾನಿ ರೇಕ್ಯಾವಿಕ್‌ಗೆ ಸಾಗಿಸುವುದು, ಬರುವಾಗ ಊರಿಗೆ ಬೇಕಾದ ಸಾಮಾನು ತುಂಬಿಕೊಂಡು ಬರುವುದು. ಹಿಮದಲ್ಲಿ, ಗಾಳಿಯಲ್ಲಿ ಹದಿನೆಂಟು ವರ್ಷ ಹೀಗೆ ಲಾರಿ ಓಡಿಸಿ ಅವಳು ಮನೆ ನಡೆಸಿದಳು. ಇಲ್ಲುಗಿ ಮನೆಯಲ್ಲಿ ಕೂತು ಆರು ಭಾಗ ಬರೆದ. ಪ್ರತಿ ಭಾನುವಾರ ಕಾಫಿಯ ಹೊತ್ತಿಗೆ ಅವಳದು ಒಂದೇ ಪ್ರಶ್ನೆ: "ಬಾಗಿಲು ತೆಗೀತಾ?" ಅವನದು ಒಂದೇ ಉತ್ತರ: "ಇನ್ನೂ ಇಲ್ಲ."

ಏಳನೆಯ ಮತ್ತು ಕೊನೆಯ ಭಾಗ ಮುಗಿದದ್ದು ಅಕ್ಟೋಬರಿನ ಒಂದು ಗುರುವಾರ. ಸೋಮವಾರ ಅಚ್ಚಿಗೆ ಹೋದರೆ ಕ್ರಿಸ್‌ಮಸ್ಸಿಗೆ ಅಂಗಡಿಯಲ್ಲಿರುತ್ತದೆ. ದಾಗ್ನಿ ಆಗ ರೇಕ್ಯಾವಿಕ್‌ನಲ್ಲಿದ್ದಳು. ಫೋನಿನಲ್ಲಿ ಹೇಳಲು ಹೊರಟವನನ್ನು ತಡೆದಳು. "ಬೇಡ. ಹದಿನೆಂಟು ವರ್ಷ ಕಾದಿದೀನಿ, ಇನ್ನೊಂದು ದಿನ ಕಾಯ್ತೀನಿ. ನಾಳೆ ಸಂಜೆ ಆರಕ್ಕೆ ಬರ್ತೀನಿ. ಅಡುಗೆಮನೇಲಿ, ಎದುರಿಗೆ ಕೂತು, ಕಾಫಿ ಜೊತೆ ಹೇಳು."

ಅಂದರೆ ಇಲ್ಲುಗಿ ಮಾಡಬೇಕಾದದ್ದು ಇಷ್ಟೇ. ಶುಕ್ರವಾರ ಸಂಜೆ ಆರರವರೆಗೆ ಬಾಯಿ ಮುಚ್ಚಿಕೊಂಡಿರಬೇಕು.

ಗುಟ್ಟು ಕಾಯುವುದರಲ್ಲಿ ಅವನು ಕಡಿಮೆಯವನಲ್ಲ. ಲೋಕದ ಪುಸ್ತಕಗಳನ್ನೆಲ್ಲ ನುಂಗಿ ತಾವೇ ಕತೆ ಕಕ್ಕುವ ಯಂತ್ರಗಳು ಬಂದ ಮೇಲಂತೂ ಅವನು ಹಳೆಯ ಕಂಪ್ಯೂಟರೊಂದನ್ನು ಮನೆ ಹಿಂದಿನ ಮೀನು ಒಣಗಿಸುವ ಶೆಡ್ಡಿಗೆ ಸಾಗಿಸಿ, ಅದರ ಇಂಟರ್ನೆಟ್ ತಂತಿಯನ್ನು ಇಕ್ಕಳದಲ್ಲಿ ಕತ್ತರಿಸಿದ್ದ. ಬಾಗಿಲಿಗೆ ಎರಡು ಬೀಗ. ಬರೆದ ಹಾಳೆಗಳು ಹಿಟ್ಟಿನ ಡಬ್ಬಿಯಲ್ಲಿ. ಎಂಥ ಯಂತ್ರ ಬಂದರೂ ಮೊದಲು ಒಣಮೀನಿನ ವಾಸನೆ ದಾಟಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ರೇಡಿಯೊದವರು ಫೋನಿನಲ್ಲಿ ಸಂದರ್ಶನ ಮಾಡಿದರು. ಇನ್ನು ಮುಂದೆ ಯಂತ್ರಗಳೇ ಕತೆ ಬರೆಯುತ್ತವಂತಲ್ಲ, ನಿಮಗೆ ಭಯವಿಲ್ಲವೇ ಎಂದರು. ಇಲ್ಲುಗಿ ನಕ್ಕ.

"ಭಯ ಯಾಕೆ? ಯಂತ್ರ ಹತ್ತು ಜನರ ಮಾತು ಕಲಸಿ ಗಂಜಿ ಮಾಡುತ್ತೆ. ಕತೆ ಹಾಗಲ್ಲ. ಅದು ಒಂದೇ ತಲೇಲಿ, ಒಬ್ಬನೇ ಕೂತಾಗ, ತಪಸ್ಸಿನಿಂದ ಹುಟ್ಟೋದು."

ಫೋನಿಟ್ಟಾಗ ಅವನಿಗೆ ತಾನು ಒಂದು ಗೇಣು ಎತ್ತರವಾದಂತೆ ಅನಿಸಿತು. ಆ ಎತ್ತರದಲ್ಲೇ ಊರ ಈಜುಕೊಳಕ್ಕೆ ಹೋಗಿ ಬಿಸಿನೀರಿನ ತೊಟ್ಟಿಗಿಳಿದ.

ತಪ್ಪಾದದ್ದು ಅಲ್ಲೇ. ಕುತ್ತಿಗೆವರೆಗೆ ಬಿಸಿನೀರು, ಮೇಲೆ ತಣ್ಣನೆಯ ಮಳೆ. ಮೈ ಸಡಿಲವಾದರೆ ನಾಲಿಗೆಯೂ ಸಡಿಲವಾಗುತ್ತದೆ. ಸ್ಕೆಲ್‌ವೀಕಿನ ಮದುವೆ, ಜಗಳ, ಚುನಾವಣೆ ಎಲ್ಲ ತೀರ್ಮಾನವಾಗುವುದು ಆ ತೊಟ್ಟಿಯಲ್ಲೇ. ಆಗಲೇ ಇಬ್ಬರು ಅದರಲ್ಲಿ ಬೇಯುತ್ತಿದ್ದರು: ನಿವೃತ್ತ ಹಡಗಿನ ಕಪ್ತಾನ ಕೋಲ್ಬೇನ್, ಬೇಕರಿಯ ಥೂರಿ.

"ರೇಡಿಯೊ ಕೇಳ್ದೆ ಕಣಯ್ಯ," ಎಂದ ಕೋಲ್ಬೇನ್. "ಯಂತ್ರಕ್ಕೆ ಕತೆ ಬರಲ್ಲ ಅಂದೆ. ನಿನಗೆ ಬರುತ್ತೆ ಅನ್ನೋಕೆ ಏನು ಸಾಕ್ಷಿ? ಹದಿನೆಂಟು ವರ್ಷದಿಂದ ಒಂದು ಬಾಗಿಲು ತೆಗೆಯೋಕಾಗ್ಲಿಲ್ಲ."

"ಹಾಗೆಲ್ಲ ಅನ್ಬೇಡ್ವೋ," ಎಂದಳು ಥೂರಿ. "ಅವನಿಗೇ ಕೊನೆ ಗೊತ್ತಿಲ್ಲ, ಪಾಪ."

ಬೈಗುಳವನ್ನಾದರೂ ತಡೆಯಬಹುದಿತ್ತು. 'ಪಾಪ' ಎಂಬುದನ್ನು ಇಲ್ಲುಗಿ ತಡೆಯಲಾರದೆ ಹೋದ.

"ಗೊತ್ತಿಲ್ವಾ? ನನಗೆ? ಕೇಳಿ ಹಾಗಾದ್ರೆ! ಬಾಗಿಲು ತೆಗೀತಾರೆ. ಹಿಂದೆ ಏನೂ ಇರಲ್ಲ. ಬರೀ ಖಾಲಿ! ಯಾಕಂದ್ರೆ ಹುಡುಕಾಟವೇ ನಿಧಿ!"

ಹಬೆ ಮೇಲೇಳುತ್ತಿತ್ತು. ಮಳೆ ಬೀಳುತ್ತಿತ್ತು. ಚಪ್ಪಾಳೆ ಮಾತ್ರ ಕೇಳಿಸಲಿಲ್ಲ.

"ಅಷ್ಟೇನಾ?" ಎಂದ ಕೋಲ್ಬೇನ್.

"ಏನೂ ಇಲ್ವಾ? ಒಂದು ಪೆಟ್ಟಿಗೆ ಕೂಡ?" ಎಂದಳು ಥೂರಿ.

ಆಗ ಇಲ್ಲುಗಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಬಿಸಿನೀರಿನಲ್ಲಿ ಕೂತೇ ಅವನಿಗೆ ಚಳಿ ಹತ್ತಿತು. ದಾಗ್ನಿಗೆ ಕೊಟ್ಟ ಮಾತನ್ನು ಇಬ್ಬರಿಗೂ ತೊದಲುತ್ತಾ ವಿವರಿಸಿ ಕೈ ಮುಗಿದ.

"ಅಯ್ಯೋ, ನಾವ್ಯಾಕೆ ಹೇಳೋಣ?" ಎಂದಳು ಥೂರಿ. "ಕಲ್ಲು ಬಾಯಿಬಿಟ್ರೂ ನಾನು ಬಿಡಲ್ಲ."

"ಹೇಳೋಕೆ ತಾನೇ ಅದರಲ್ಲಿ ಏನಿದೆ?" ಎಂದ ಕೋಲ್ಬೇನ್.

ಇಲ್ಲುಗಿ ಮನೆಗೆ ಓಡಿ ದಾಗ್ನಿಗೆ ಫೋನ್ ಮಾಡಿದ. ಅವಳ ಷರತ್ತು ಮುರಿದರೂ ಸರಿ, ಬೇರೆಯವರ ಬಾಯಿಂದ ಕೇಳುವ ಮುಂಚೆ ಹೇಳಿಬಿಡೋಣ ಎಂದು. ಲೈನ್ ಸಿಗಲಿಲ್ಲ, ಅವಳು ಬೇರೆ ಯಾರೊಂದಿಗೋ ಮಾತಾಡುತ್ತಿದ್ದಳು. ಹತ್ತು ನಿಮಿಷ ಬಿಟ್ಟು ಮಾಡಿದ. ಆಗಲೂ ಮಾತಾಡುತ್ತಿದ್ದಳು. ಸರಿ, ಊರ ಬಾಯಿಯನ್ನಾದರೂ ಕಟ್ಟೋಣವೆಂದು ಬೇಕರಿಗೆ ಹೊರಟ.

ಬೇಕರಿಯಲ್ಲಿ ಐದು ಹೆಂಗಸರು ಬ್ರೆಡ್ ಕೊಳ್ಳುವುದನ್ನು ಮರೆತು ನಿಂತಿದ್ದರು. "…ಬಾಗಿಲು ತೆಗೆದ್ರೆ ಒಳಗೆ ಇಷ್ಟು ದೊಡ್ಡ ಒಲೆ! ಡ್ರ್ಯಾಗನ್ನೇ ಅದಕ್ಕೆ ಬೆಂಕಿ. ಅದಿಲ್ದಿದ್ರೆ ಪ್ರಪಂಚದಲ್ಲಿ ಯಾರ ಮನೇಲೂ ರೊಟ್ಟಿ ಬೇಯಲ್ಲ," ಎನ್ನುತ್ತಿದ್ದಳು ಥೂರಿ.

"ಥೂರಿ!"

"ನಾನು ಒಂದಕ್ಷರ ಹೇಳಿಲ್ಲ ಮಾರಾಯ! ನಿನ್ನ ಕೊನೆ ಹೇಳಿದ್ರೆ ತಾನೇ ತಪ್ಪು? ಅದು ಉಬ್ಬದೇ ಇರೋ ಹಿಟ್ಟಿನ ಹಾಗಿತ್ತು. ನಾನು ಸರಿ ಮಾಡಿ ಹೇಳ್ದೆ."

"ಹಾಗಾದ್ರೆ ಮೊದಲು ಏನಿತ್ತಂತೆ?" ಎಂದಳೊಬ್ಬಳು.

"ಏನೂ ಇರಲಿಲ್ವಂತೆ," ಎಂದಳು ಇನ್ನೊಬ್ಬಳು. ಐವರೂ ಇಲ್ಲುಗಿಯನ್ನು ಕನಿಕರದಿಂದ ನೋಡಿದರು. ಒಬ್ಬಳು ಅವನ ಕೈಗೆ ಒಂದು ಬನ್ ಕೂಡ ಇಟ್ಟಳು.

ಬಂದರಿನಲ್ಲಿ ಸ್ಥಿತಿ ಇನ್ನೂ ಕೆಟ್ಟಿತ್ತು. ಮೀನು ತೂಗುವ ಕಟ್ಟೆಯ ಮೇಲೆ ನಿಂತು ಕೋಲ್ಬೇನ್ ಭಾಷಣ ಮಾಡುತ್ತಿದ್ದ. ಅವನ ಪ್ರಕಾರ ಬಾಗಿಲ ಹಿಂದೆ ಸಮುದ್ರವಿತ್ತು, ಸಮುದ್ರದಲ್ಲಿ ಒಂದು ಹಡಗಿತ್ತು, ಹಡಗಿಗೆ ಎಪ್ಪತ್ತು ದಾಟಿದ ಅನುಭವಸ್ಥ ಕಪ್ತಾನನೊಬ್ಬ ಬೇಕಾಗಿದ್ದ.

"ಸಮುದ್ರ ಇದ್ರೆ ಬಾಗಿಲ ಸಂದಿಯಿಂದ ನೀರು ಸೋರಬೇಕಿತ್ತಲ್ಲ?" ಎಂದ ಕ್ರೇನಿನವನು.

"ಸೋರ್ತಾ ಇತ್ತು! ಆರನೇ ಭಾಗದಲ್ಲಿ ಗುಹೆ ತೇವ ಅಂತ ಬರೆದಿಲ್ವಾ? ಹೇಳೋ ಇಲ್ಲುಗಿ, ಬರೆದಿದ್ಯೋ ಇಲ್ವೋ?"

ಬರೆದಿದ್ದ. ಅವನಿಗೇ ಮರೆತುಹೋಗಿತ್ತು. ಅವನು ಬನ್ ತಿಂದ.

"ಒಂದೇ ತಲೆ, ತಪಸ್ಸು ಅಂತೆಲ್ಲ ರೇಡಿಯೊದಲ್ಲಿ ಹೇಳ್ದೆ," ಎಂದು ಕೋಲ್ಬೇನ್ ಅವನ ಬೆನ್ನು ತಟ್ಟಿದ. "ಇಲ್ಲಿ ಮೂವತ್ತು ತಲೆ ಇದೆ, ಬಿಟ್ಟಿಯಾಗಿ. ಯಾವುದು ಬೇಕೋ ತಗೋ."

ಎರಡು ಗಂಟೆಯ ಹೊತ್ತಿಗೆ ಅವನು ದಾಗ್ನಿಗೆ ಒಂಬತ್ತು ಸಲ ಫೋನ್ ಮಾಡಿದ್ದ. ಒಂಬತ್ತು ಸಲವೂ ಅವಳು ಮಾತಾಡುತ್ತಲೇ ಇದ್ದಳು. ಉಳಿದದ್ದು ಒಂದೇ ಅಪಾಯ, ಎಲ್ಲಕ್ಕಿಂತ ದೊಡ್ಡದು: ಮೀನಂಗಡಿಯ ಬೇರಾ. ಅವಳು ದಾಗ್ನಿಯ ಅಕ್ಕ. ಅವಳ ಕಿವಿಗೆ ಬಿದ್ದದ್ದು ತಂಗಿಯ ಕಿವಿಗೆ ಬೀಳಲು ಲಾರಿ ಊರು ಮುಟ್ಟುವಷ್ಟು ಹೊತ್ತು ಬೇಕಾಗಿರಲಿಲ್ಲ.

ಇಲ್ಲುಗಿ ಅಂಗಡಿಯ ಬಾಗಿಲು ತಳ್ಳಿದ. ಸಾಲಿನಲ್ಲಿ ನಿಂತವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಬೇರಾ, ಮೂವತ್ತು ವರ್ಷದಿಂದ ಕಣ್ಣು ಮಿಟುಕಿಸದೆ ಮೀನಿನ ತಲೆ ಕಡಿದ ಬೇರಾ, ಏಪ್ರನ್ನಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು.

"ಬಂದ್ಯಾ?" ಎಂದಳು. "ಎಂಥ ಕೊನೆ ಕಣೋ! ಎಂಥ ಕೊನೆ!"

"ಖಾಲಿ ಅನ್ನೋದಾ?" ಇಲ್ಲುಗಿಯ ಮುಖ ಅರಳಿತು.

"ಥೂ, ಅದಲ್ಲ. ಮಗು!"

"ಯಾವ ಮಗು?"

ಬೇರಾ ಹೇಳಿದಳು. ಬಾಗಿಲ ಹಿಂದೆ ಒಂದು ಪುಟ್ಟ ಕೋಣೆ. ಕೋಣೆಯಲ್ಲಿ ಒಂದು ತೊಟ್ಟಿಲು. ತೊಟ್ಟಿಲಲ್ಲಿ ಡ್ರ್ಯಾಗನ್ನಿನ ಮರಿ. ಆರು ಭಾಗಗಳಲ್ಲೂ ಗಂಡೆಂದು ಎಲ್ಲರೂ ತಿಳಿದಿದ್ದ ಆ ಡ್ರ್ಯಾಗನ್ ತಾಯಿ. ಸಾವಿರ ವರ್ಷದಿಂದ ಅವಳು ಮರಿಯನ್ನು ಮಲಗಿಸುತ್ತಿದ್ದಾಳೆ. ಅದು ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಾಗ ಯಾವನೋ ಒಬ್ಬ ವೀರ ಕತ್ತಿ ಝಳಪಿಸಿಕೊಂಡು ಕೂಗುತ್ತಾ ಬರುತ್ತಾನೆ. ಮತ್ತೆ ಅಳು, ಮತ್ತೆ ಮೊದಲಿಂದ. ಗುಡುಗದೆ ಅವಳು ಇನ್ನೇನು ಮಾಡಬೇಕು? ಕೊನೆಗೆ ಕತೆಯ ನಾಯಕಿ ಕತ್ತಿ ಕೆಳಗಿಟ್ಟು, ಬೂಟು ಬಿಚ್ಚಿ, ತೊಟ್ಟಿಲು ತೂಗುತ್ತಾಳೆ. ಅವಳ ಜೊತೆ ಬಂದ ಸೈನಿಕರೆಲ್ಲ ತುದಿಗಾಲಲ್ಲಿ ವಾಪಸು ಹೋಗುತ್ತಾರೆ. ಸಾವಿರ ವರ್ಷದಲ್ಲಿ ಮೊದಲ ಸಲ ಡ್ರ್ಯಾಗನ್ ಮಲಗುತ್ತದೆ.

ಸಾಲಿನಲ್ಲಿದ್ದ ಪೊಲೀಸಿನವನು ಜೋರಾಗಿ ಮೂಗು ಸೀಟಿದ. ಅವನಿಗೆ ಅವಳಿ ಮಕ್ಕಳು.

ಇಲ್ಲುಗಿ ಮೀನಿನ ಬುಟ್ಟಿಯ ಅಂಚಿನ ಮೇಲೆ ಕೂತುಬಿಟ್ಟ. ಡ್ರ್ಯಾಗನ್ನಿಗೆ ಯಾಕೆ ನಿದ್ದೆಯಿಲ್ಲ ಎಂದು ಅವನು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಇದನ್ನ ಯಾರು ಹೇಳಿದ್ದು?"

"ಬಂತು, ಹೀಗೇ ಬಾಯಿಂದ ಬಾಯಿಗೆ," ಎಂದು ಬೇರಾ ಮೀನಿನ ಕಡೆ ತಿರುಗಿದಳು.

"ಈ ಕತೇನ ದಾಗ್ನಿಗೆ ಹೇಳಿದ್ಯಾ? ನಿಜ ಹೇಳು."

"ಈ ಕತೇನಾ? ದಾಗ್ನಿಗೆ? ದೇವರಾಣೆ ಇಲ್ಲ."

ಇಲ್ಲುಗಿ ಹೊರಬಂದಾಗ ಮಳೆ ನಿಂತಿತ್ತು. ಬೆಳಿಗ್ಗೆ ಹೋದ ಎತ್ತರ ಬಡ್ಡಿಸಮೇತ ವಾಪಸು ಬಂದಿತ್ತು. ಅವನು ಲೆಕ್ಕ ಹಾಕಿದ. ತಾನು ಖಾಲಿ ಕೋಣೆ ಕೊಟ್ಟೆ, ಊರು ಅದರಲ್ಲಿ ತೊಟ್ಟಿಲು ಇಟ್ಟಿತು. ಖಾಲಿ ಇಲ್ಲದಿದ್ದರೆ ಇಡುತ್ತಿದ್ದುದಾದರೂ ಎಲ್ಲಿ? ಹಾಗಾಗಿ ಕತೆ ತನ್ನದೇ. ಜನಪದಕ್ಕೆ ಒಡೆಯರಿಲ್ಲ. ಎಲ್ಲಕ್ಕಿಂತ ಮುಖ್ಯ, ದಾಗ್ನಿಗೆ ಇದು ಗೊತ್ತಿಲ್ಲ. ಖಾಲಿ ಕೊನೆ ಅವಳ ಕಿವಿಗೆ ಬಿದ್ದಿದ್ದರೂ ಅದು ಈಗ ಕೊನೆಯೇ ಅಲ್ಲ! ನಿಜವಾದ ಕೊನೆಯನ್ನು ಅವಳಿಗೆ ಮೊದಲು ಹೇಳುವವನು ತಾನೇ.

ಶೆಡ್ಡಿನ ಎರಡೂ ಬೀಗ ತೆಗೆದು ಮೂರು ಗಂಟೆ ಕೂತು ಬರೆದ. ಬೆರಳು ನಿಲ್ಲಲೇ ಇಲ್ಲ. ತೊಟ್ಟಿಲ ಪುಟದಲ್ಲಿ ಅವನೇ ಅತ್ತ. ಇದನ್ನು ಯಾವ ಯಂತ್ರ ಬರೆದೀತು ಎಂದು ಒಣಮೀನುಗಳನ್ನು ಕೇಳಿದ.

ಆರಕ್ಕೆ ಸರಿಯಾಗಿ ಲಾರಿ ಮನೆಯ ಮುಂದೆ ಉಸಿರುಬಿಟ್ಟು ನಿಂತಿತು. ದಾಗ್ನಿ ಒಳಬಂದು, ಬೂಟು ಕಳಚಿ, ಕುರ್ಚಿಯ ಮೇಲೆ ಕುಸಿದಳು. ಕಣ್ಣುಗಳು ಕೆಂಪಾಗಿದ್ದವು.

"ಏನೂ ಮಾತಾಡ್ಬೇಡ," ಎಂದ ಇಲ್ಲುಗಿ. ಕಾಫಿ ಮುಂದಿಟ್ಟ. ಎದುರು ಕೂತ. "ಬಾಗಿಲು ತೆಗೀತು."

ಅವನು ಹೇಳಿದ. ಪುಟ್ಟ ಕೋಣೆ, ತೊಟ್ಟಿಲು, ತಾಯಿ. ದನಿ ತಗ್ಗಿಸಿ, ಕೈಯಲ್ಲಿ ಗಾಳಿಯನ್ನೇ ತೂಗಿ ಹೇಳಿದ. ದಾಗ್ನಿ ಅವನ ಮುಖವನ್ನೇ ನೋಡುತ್ತಿದ್ದಳು. ತುಟಿಯ ಒಂದು ಮೂಲೆ ಅಲುಗುತ್ತಿತ್ತು. ಅಳು ಬರುತ್ತಿದೆ ಎಂದುಕೊಂಡ ಇಲ್ಲುಗಿ.

"…ಕೊನೆಗೆ ಡ್ರ್ಯಾಗನ್ ಮಲಗುತ್ತೆ," ಎಂದು ಮುಗಿಸಿದ.

"ಒಂದು ಬಿಟ್ಟುಹೋಯ್ತು," ಎಂದಳು ದಾಗ್ನಿ. "ಮಲಗೋ ಮುಂಚೆ ಅವಳು ಒಂದು ಕಣ್ಣು ತೆಗೆದು, ಮಗು ಉಸಿರಾಡ್ತಿದ್ಯಾ ಅಂತ ನೋಡ್ತಾಳೆ. ಬೇರಾ ಅದನ್ನ ಹೇಳೋದು ಮರೆತಳೇನೋ."

ಇಲ್ಲುಗಿಯ ಕೈ ಗಾಳಿಯಲ್ಲೇ ನಿಂತಿತು. "ಬೇರಾ ನಿನಗೆ ಹೇಳಿಲ್ಲ ಅಂತ ದೇವರಾಣೆ ಹಾಕಿದ್ಲು!"

"ಅವಳು ನನಗೆ ಹೇಳಿಲ್ಲ. ನಾನು ಅವಳಿಗೆ ಹೇಳಿದ್ದು."

"ನೀನಾ?"

"ಹತ್ತು ಗಂಟೆಗೆ ಫೋನ್ ಮಾಡಿದ್ಲು. ಬಾಗಿಲ ಹಿಂದೆ ಏನೂ ಇಲ್ವಂತೆ ಕಣೇ ಅಂದ್ಲು. ನನಗೆ ಎಂಥ ಸಿಟ್ಟು ಬಂತು ಅಂದ್ರೆ ಲಾರಿ ಪಕ್ಕಕ್ಕೆ ಹಾಕಿ ನಿಲ್ಲಿಸ್ದೆ. ಹದಿನೆಂಟು ವರ್ಷ ಏನೂ ಇಲ್ಲದ್ದಕ್ಕಾ ನಾನು ಓಡಿಸಿದ್ದು? ಆಮೇಲೆ ಘಟ್ಟ ಪೂರ್ತಿ ಮಾತಾಡಿದ್ವಿ. ಆ ಡ್ರ್ಯಾಗನ್ನಿಗೆ ಯಾಕೆ ನಿದ್ದೆ ಇಲ್ಲ ಅಂತ ನನಗೆ ಮೊದಲನೇ ಅಧ್ಯಾಯದಲ್ಲೇ ಗೊತ್ತಿತ್ತು. ನೀನೂ ಅದನ್ನೇ ಬರೀತೀಯ ಅಂತ ಕಾಯ್ತಿದ್ದೆ."

ಇಲ್ಲುಗಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಬೇರಾಳ ಅಂಗಡಿಯ ಸರಕಿನಂತೆ ಕಾಣುತ್ತಿದ್ದ.

"ಈಗ ನಾನು ಏನು ಮಾಡ್ಲಿ?"

"ಸೋಮವಾರ ಕಳಿಸು. ಆ ಕಣ್ಣು ತೆಗೆಯೋದನ್ನ ಸೇರಿಸು. ಮುಖಪುಟದಲ್ಲಿ ನನ್ನ ಹೆಸರನ್ನ ದೊಡ್ಡದಾಗಿ ಹಾಕ್ಸು." ದಾಗ್ನಿ ಕಾಫಿ ಮುಗಿಸಿ ಎದ್ದಳು. "ನಾನು ಮಲಗ್ತೀನಿ. ಕೂಗಾಡ್ಬೇಡ."

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಲ್ಲುಗಿ ಮೇಜಿನ ಮುಂದೆ ಒಬ್ಬನೇ ಕೂತ. ಕತೆಯ ನಿಜವಾದ ಕೊನೆಯನ್ನು ಪ್ರಪಂಚದಲ್ಲಿ ಮೊದಲು ಕೇಳಿದವಳು ಮೀನಂಗಡಿಯ ಬೇರಾ. ಅವನು ದಾಗ್ನಿಗೆ ಕೊಟ್ಟ ಮಾತು ಮುರಿದಿತ್ತು.