ಲಕ್ಷ್ಮಮ್ಮನ ಬಸ್ಸಾರು ಉಳಿಸಿದ ಕಥೆ

ಉಳಿಸಬೇಕು ಎಂದು ಭಾಷಣ ಮಾಡುವವರನ್ನು ಅಡುಗೆಮನೆಗೆ ಬಿಡಬಾರದು. ಇದು ನನ್ನ ಅನುಭವದ ಮಾತು. ನಾನು ರಾಗಿ, ರೇಷ್ಮೆ ಸೀಮೆಯ ವಿಜಯಪುರದಲ್ಲಿ ಕನ್ನಡ ಮೇಷ್ಟ್ರು. ಭಾಷೆ ಉಳಿಸಿ, ಕೆರೆ ಉಳಿಸಿ, ನಮ್ಮ ಕಡೆಯ ಊಟ ಉಳಿಸಿ ಎನ್ನಲು ಯಾರು ಮೈಕು ಕೊಟ್ಟರೂ ಬೇಡವೆಂದವನಲ್ಲ. ಮೊನ್ನೆ ಒಬ್ಬರು ನನ್ನ ಮಾತನ್ನು ನಂಬಿಬಿಟ್ಟರು.

ಅವರು ಬಸ್ ನಿಲ್ದಾಣದ ಹಿಂದೆ ಮುದ್ದೆ ಹೋಟೆಲು ನಡೆಸುತ್ತಿದ್ದ ಲಕ್ಷ್ಮಮ್ಮ. ಹದಿನೆಂಟು ವರ್ಷ ನನ್ನ ಮಧ್ಯಾಹ್ನದ ಊಟ ಅಲ್ಲೇ. ಅವರ ಬಸ್ಸಾರಿಗೆ ರೇಷ್ಮೆ ಕೆಲಸದವರು ಸಾಲು ನಿಲ್ಲುತ್ತಿದ್ದರು. ಈಚೆಗೆ ಆ ಸಾಲು ಎದುರಿನ ಗೋಬಿ ಗಾಡಿಗೆ ದಾಟಿತು. ಕಟ್ಟಡ ಕೆಡವುತ್ತೇವೆ ಎಂದು ಮಾಲೀಕರು ಹೇಳಿದಾಗ ಲಕ್ಷ್ಮಮ್ಮ ಜಗಳವನ್ನೂ ಆಡದೆ ಹೊಸಕೋಟೆ ಕಡೆ ತಂಗಿಯ ಮನೆಗೆ ಹೊರಟು ನಿಂತರು. ನನಗೆ ನಿಜಕ್ಕೂ ಸಂಕಟವಾಯಿತು. ಹೊಟ್ಟೆಯ ಸಂಕಟ ಎಂದರೂ ತಪ್ಪಿಲ್ಲ. ನಿಮ್ಮ ಕೈರುಚಿ ನಾನು ಉಳಿಸುತ್ತೇನೆ ಎಂದುಬಿಟ್ಟೆ. ಕಲಿಯಲು ಬೇರೆ ಯಾರೂ ಬಂದಿರಲಿಲ್ಲ. ಊರು ಬಿಡುವ ದಿನ ನಿಮ್ಮ ಮನೆಗೆ ಬಂದು ರುಚಿ ನೋಡಿ ಹೋಗುತ್ತೇನೆ ಎಂದು ಹೇಳಿ, ಮಾಡುವ ಬಗೆಯನ್ನು ಬಾಯಲ್ಲೇ ಒಪ್ಪಿಸಿದರು. ಹುರುಳಿಕಾಳು, ಸೊಪ್ಪು ಬೇಯಿಸಿ ಬಸಿಯುವುದು, ಖಾರ ರುಬ್ಬುವುದು, ಕುದಿಸುವುದು. ನಾನು ದುಂಡಗೆ ಬರೆದುಕೊಂಡೆ. ಎಷ್ಟೆಷ್ಟು ಎಂದು ಕೇಳಿದರೆ, ಎಲ್ಲಕ್ಕೂ ಅಂದಾಜು ಎಂದರು.

ಮನೆಯಲ್ಲಿ ಕೇಳಿ ತಿಳಿಯುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಮಾಡಿದ ಬಸ್ಸಾರು ಉಂಡು, ಹೋಟೆಲಿನದೇ ಚೆನ್ನ ಎಂದಿದ್ದೆ. ಅವತ್ತಿನಿಂದ ನಮ್ಮಲ್ಲಿ ಬಸ್ಸಾರು ಬಂದ್. ಲಕ್ಷ್ಮಮ್ಮ ಊರು ಬಿಡುವ ಭಾನುವಾರ ನಾನು ಒಲೆ ಹಚ್ಚಿದಾಗ ಅವಳು ಬಾಗಿಲಿಗೆ ಒರಗಿ ನಿಂತಳು. ಕಾಳು, ಸೊಪ್ಪು ಬೆಂದವು. ಅನ್ನದ ಗಂಜಿ ಚೆಲ್ಲುವ ಹಾಗೆ ನೀರನ್ನೆಲ್ಲ ಸಿಂಕಿಗೆ ಬಸಿದು ಚೆಲ್ಲಿದೆ. ಅವಳು ನೋಡುತ್ತಲೇ ಇದ್ದಳು. ರುಬ್ಬಿದ ಖಾರಕ್ಕೆ ಕೊಳವೆಬಾವಿ ನೀರು ಬೆರೆಸಿ ಕುದಿಸಿದೆ. ಬಸಿದ ನೀರಿನಲ್ಲೇ ಮಾಡುವುದರಿಂದ ಅದು ಬಸ್ಸಾರು ಎಂದು ಏಳನೇ ತರಗತಿಯಲ್ಲಿ ಬಿಡಿಸಿ ಹೇಳಿದವನು ನಾನೇ. ಒಲೆಯ ಮುಂದೆ ಅದು ನೆನಪಾಗಲಿಲ್ಲ.

ಲಕ್ಷ್ಮಮ್ಮ ಗಂಟುಮೂಟೆ ಸಮೇತ ಬಂದರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಕಟ್ಟು ಏನು ಮಾಡಿದಿರಿ ಎಂದು ಕೇಳಿದರು. ಕಟ್ಟು ಎಂದರೆ ಆ ಬಸಿದ ನೀರು. ಚೆಲ್ಲಿದೆ ಎಂದೆ.

"ಹದಿನೆಂಟು ವರ್ಷ ನಮ್ಮತ್ರ ಏನ್ ಉಂಡ್ರಿ ಮೇಷ್ಟ್ರೇ?"

ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನಾಚಿಕೆಯಾಯಿತು. ಉತ್ತರಪತ್ರಿಕೆ ತಿದ್ದುತ್ತಲೋ ಫೋನು ನೋಡುತ್ತಲೋ ಉಂಡವನು ನಾನು. ಇನ್ನೊಮ್ಮೆ ತೋರಿಸಿ ಎನ್ನಲು ಹೋಟೆಲಿಗೆ ಗೋಡೆಯೇ ಉಳಿದಿರಲಿಲ್ಲ, ಅವರ ಬಸ್ಸಿಗೂ ಹೊತ್ತಾಗಿತ್ತು. ತಟ್ಟೆಯಲ್ಲಿ ಏನೂ ಬಿಡದೆ ಉಂಡು, ಕೈ ತೊಳೆದು, ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, "ಉಪ್ಪು ಮಾತ್ರ ಹದವಾಗೈತೆ" ಎಂದರು.

ಉಪ್ಪು ಹಾಕಿದ್ದು ನನ್ನ ಹೆಂಡತಿ.