ಭಾವನ ನಾಲ್ಕು ಬಾಗಿಲು

ನಮ್ಮ ಭಾವ ಜೀವಮಾನದಲ್ಲಿ ಒಂದೇ ಒಂದು ಸಲ ಬಡಗಿಯನ್ನು ಮನೆಗೆ ಕರೆದರು. ಅದೂ ಊಟಕ್ಕೆ.

ಉಳಿದಂತೆ ವಿಜಯನಗರದ ಆ ಮನೆಯಲ್ಲಿ ಮರದ್ದು ಏನೇ ಇದ್ದರೂ ಅದು ಅವರ ಕೈಯದೇ. ಕುರ್ಚಿ, ಮಣೆ, ಬಟ್ಟೆ ತೂಗುಹಾಕುವ ಗೂಟ, ಎಲ್ಲ. ಅವರು ಮಾಡಿದ ಕುರ್ಚಿ ಕೂತವರನ್ನು ಎಡಕ್ಕೆ ವಾಲಿಸುತ್ತಿತ್ತು. ಬಂದವರು ಗಾಬರಿಯಾಗಿ ಗೋಡೆ ಹಿಡಿದುಕೊಂಡರೆ, "ನೇರವಾಗಿ ಕೂತ್ಕೊಳ್ಳೋದು ಕಲೀರಿ, ಕುರ್ಚಿ ಸರಿಯಾಗೇ ಇದೆ" ಅನ್ನುತ್ತಿದ್ದರು. ಹೀಗೆ ಹೇಳುವಾಗ ಕಿವಿಯ ಮೇಲೆ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ಮದುವೆಮನೆಯ ಫೋಟೋಗಳಲ್ಲಿ ಅವರನ್ನು ಆ ಪೆನ್ಸಿಲ್‌ನಿಂದಲೇ ಗುರುತು ಹಿಡಿಯಬಹುದು. ಅವರ ಸ್ವಂತ ಮದುವೆಯದೂ ಸೇರಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ಆಗ ರಾಜಾಜಿನಗರದಲ್ಲಿ ಟೀಚರ್. ಪ್ರತಿ ಭಾನುವಾರ ತಲೆಗೆ ನೀರು ಹಾಕಿಕೊಂಡು, ತಿಂಡಿ ಮುಗಿಸಿ, ಅದೇ ಬಸ್ಸು ಹಿಡಿದು ಅಕ್ಕನ ಮನೆಗೆ ಹೋಗುತ್ತಿದ್ದೆ. ಗೇಟಿನ ಸದ್ದು ಕೇಳುತ್ತಲೇ ಭಾವ, "ಟೀಚರಮ್ಮ ಬಂದ್ರು, ಗಡಿಯಾರ ಸರಿ ಮಾಡ್ಕೊಳ್ರಪ್ಪ" ಎಂದು ಕೂಗುತ್ತಿದ್ದರು. ನಾನು ಒಂದೊಂದು ವಸ್ತುವಿಗೂ ಒಂದೊಂದು ಜಾಗ ಇರಬೇಕು ಎನ್ನುವವಳು. ಭಾವನ ಮನೆಯಲ್ಲಿ ಎಲ್ಲ ವಸ್ತುಗಳಿಗೂ ಸೇರಿ ಒಂದೇ ಜಾಗ: ಮೆಟ್ಟಿಲಡಿ.

ಹಾಲಿನಿಂದ ಮಹಡಿಗೆ ಹತ್ತುವ ಆ ಮೆಟ್ಟಿಲ ಕೆಳಗೆ ಏನಿತ್ತು ಅಂತ ಕೇಳಬೇಡಿ, ಏನಿರಲಿಲ್ಲ ಅಂತ ಕೇಳಿ. ಖಾಲಿ ಗ್ಯಾಸ್ ಸಿಲಿಂಡರು, ಸೀಮೆಎಣ್ಣೆ ಡಬ್ಬ, ರಾಗಿ ಮೂಟೆ, ಹಳೇ ಪೇಪರು, ಸೈಕಲ್ ಪಂಪು, ಉಪಯೋಗಕ್ಕೆ ಬಾರದ ಛತ್ರಿಗಳು. ಅಕ್ಕ ಒಂದು ಪೊರಕೆಗೆ ಕೈ ಹಾಕಿದರೆ ಮೂರು ಸಾಮಾನು ಜೊತೆಗೆ ಉರುಳಿ ಬರುತ್ತಿದ್ದವು. ಇವೆಲ್ಲದರ ಮುಂದೆ, ಈಗಲೋ ಆಗಲೋ ಬಸ್ಸು ಹತ್ತುವುದಕ್ಕೆ ತಯಾರಾದ ಹಾಗೆ, ಒಂದು ಕಬ್ಬಿಣದ ಟ್ರಂಕು. ಅದು ನಮ್ಮ ಅಮ್ಮನದು.

ಅಪ್ಪ ಹೋದ ಮೇಲೆ ತಿಪಟೂರಿನ ಬಾಡಿಗೆ ಮನೆ ಬಿಟ್ಟು ಅಮ್ಮ ಅಕ್ಕನ ಮನೆಗೆ ಬಂದಿದ್ದಳು. ನಾವು ಇಬ್ಬರೂ ಹೆಣ್ಣುಮಕ್ಕಳೇ. ಯಾರ ಮನೆಗೆ ಬಂದರೂ ಅದು ಅಳಿಯನ ಮನೆಯೇ. ಅಳಿಯನ ಮನೆಯಲ್ಲಿ ಒಂದು ವಾರ ಇರುವುದು ಮರ್ಯಾದೆ, ಆಮೇಲೆ ಇರುವುದು ಮುಜುಗರ ಅಂತ ಅವಳ ಲೆಕ್ಕ. ಮಂಡಿನೋವಿನಿಂದ ನಿಲ್ಲುವುದು ಕಷ್ಟವಾಗಿ, ಹಗಲೆಲ್ಲ ನೆಲದ ಮೇಲೆ ಕೂತು, ಕೂತಲ್ಲೇ ಜರುಗಿಕೊಂಡು ಓಡಾಡುತ್ತಿದ್ದಳು. ಬೀರು, ಗೂಡು, ಶೆಲ್ಫು ಯಾವುದೂ ಅವಳ ಕೈಗೆ ಎಟುಕುತ್ತಿರಲಿಲ್ಲ. ಬೆಳಿಗ್ಗೆ ಟ್ರಂಕಿನಿಂದ ಒಂದು ಸೀರೆ ತೆಗೆದು ಮತ್ತೆ ಬೀಗ ಹಾಕುವಳು. ಸೊಂಟದಲ್ಲಿ ಮಾತ್ರ ಬೀಗದಕೈಗಳ ದೊಡ್ಡ ಗೊಂಚಲು. ಅದರಲ್ಲಿ ಟ್ರಂಕಿನದೊಂದು ಬಿಟ್ಟರೆ ಉಳಿದ ಕೈಗಳಿಗೆ ತೆಗೆಯಲು ಬೀಗಗಳೇ ಉಳಿದಿರಲಿಲ್ಲ.

ಒಂದು ಭಾನುವಾರ ಅವಳು ಹೇಳಿಬಿಟ್ಟಳು: "ಗೌರಿ ಹಬ್ಬ ಮುಗಿಸ್ಕೊಂಡು ಕುಣಿಗಲ್ಲಿಗೆ ಹೋಗ್ತೀನಿ, ತಮ್ಮನ ಮನೆಗೆ. ನನ್ನದು ಅಂತ ಇಲ್ಲಿ ಏನಿದೆ, ಒಂದು ಟ್ರಂಕು."

ಅಮ್ಮನ ಆ ತಮ್ಮನ ಮನೆಯಲ್ಲಿ ಅವರಿಗೇ ಜಾಗ ಸಾಲದು. ಅಕ್ಕ ಅತ್ತಳು. ನಾನು ವಾದ ಮಾಡಿದೆ. ಭಾವ ಏನು ಮಾಡಿದರು? ಕಿವಿಯ ಪೆನ್ಸಿಲ್ ತೆಗೆದು ಮೆಟ್ಟಿಲಡಿಗೆ ತಲೆ ತೂರಿಸಿ ಅಳತೆ ತೆಗೆಯಲು ಕೂತರು.

"ಇದಕ್ಕೆ ಬಾಗಿಲು ಮಾಡ್ತೀನಿ. ಹಬ್ಬದೊಳಗೆ."

"ರೀ, ಅಮ್ಮ ಹೊರಟು ನಿಂತಿದಾಳೆ, ನಿಮಗೆ ಬಾಗಿಲ ಚಿಂತೆ!" ಅಂದಳು ಅಕ್ಕ. ನನಗೂ ಅವರ ಮೇಲೆ ಕೋಪ ಬಂತು.

ಅಮ್ಮನನ್ನು ಇರಿ ಅಂತ ಭಾವ ಬಾಯಿಬಿಟ್ಟು ಕೇಳುವ ಹಾಗೂ ಇರಲಿಲ್ಲ ಅನ್ನಿ. ಏಕೆಂದರೆ ಮದುವೆಯಾದಂದಿನಿಂದ ಅವರಿಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡಿಯೇ ಇರಲಿಲ್ಲ. ಜಗಳವಲ್ಲ, ಮರ್ಯಾದೆ. ನಮ್ಮ ಕಡೆ ಹಳೇ ಕಾಲದ ಅತ್ತೆಯರು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ಭಾವ ಹಾಲಿಗೆ ಬಂದರೆ ಅಮ್ಮ ಸೆರಗು ಹೊದ್ದು ಅಡುಗೆಮನೆಯ ಬಾಗಿಲ ಹಿಂದಕ್ಕೆ ಜರುಗುವಳು. ಹೇಳುವುದೇನಿದ್ದರೂ ಅಕ್ಕನ ಮೂಲಕ. ಅಕ್ಕ ಇಲ್ಲದಿದ್ದರೆ ಗೋಡೆಗೆ. "ಗೇಟಿನ ಹತ್ರ ಯಾರೋ ಬಂದಂಗಿದೆಯಪ್ಪ" ಎಂದು ಅಮ್ಮ ಗೋಡೆಗೆ ಹೇಳಿದರೆ, ಭಾವ ಎದ್ದು ಹೋಗಿ ಗೇಟು ತೆಗೆಯುವರು. ಗೋಡೆ ಎಂದೂ ತಪ್ಪಾಗಿ ತಲುಪಿಸಲಿಲ್ಲ.

ಭಾವನ ಕುರ್ಚಿಯ ಅನುಭವವಿದ್ದ ಅಕ್ಕ, ಅವರು ಕಾರ್ಖಾನೆಗೆ ಹೋದಾಗ ಮಾಗಡಿ ರಸ್ತೆಯ ಕಡೆಯ ಒಬ್ಬ ಬಡಗಿಯನ್ನು ಕರೆಸಿ ತೋರಿಸಿದಳು. ಅವನು ಬಗ್ಗಿ ನೋಡಿ, ನೆಲ ತಟ್ಟಿ, ಎದ್ದು ನಿಂತ. "ಅಕ್ಕಾ, ಇದು ಎತ್ತರದಿಂದ ಇಳೀತಾ ಇಳೀತಾ ಮೂಲೇಲಿ ಇಲಿಬಿಲ ಆಗೋಗಿದೆ. ಒಂದೊಂದು ಬಾಗಿಲಿಗೂ ಒಂದೊಂದು ಅಳತೆ. ತಲೆನೋವು. ಒಂದು ಪರದೆ ಬಿಟ್ಬಿಡಿ."

ಸಂಜೆ ಈ ಸುದ್ದಿ ಕೇಳಿದ ಭಾವ ತಟ್ಟೆಯಿಂದ ತಲೆಯೆತ್ತಿದರು. "ಪರದೆನಾ? ಅವನಿಗೆ ಹೇಳಿ ಕಳಿಸು. ಹಬ್ಬದ ದಿನ ಊಟಕ್ಕೆ ಬರಲಿ ಅಂತ."

ಮರ ಎಲ್ಲಿಂದ ಬರಬೇಕು? ಕಾರ್ಖಾನೆಗೆ ಹೊರದೇಶದಿಂದ ಯಂತ್ರಗಳು ಬರುತ್ತಿದ್ದವು, ಭಾರಿ ಮರದ ಪೆಟ್ಟಿಗೆಗಳಲ್ಲಿ. ಯಂತ್ರ ಇಳಿಸಿಕೊಂಡ ಮೇಲೆ ಹಲಗೆಗಳನ್ನು ಕೆಲಸಗಾರರಿಗೇ ಹರಾಜಿನಲ್ಲಿ ಕೊಡುತ್ತಿದ್ದರು. ಭಾವ ಅವನ್ನು ಹಗ್ಗ ಕಟ್ಟಿ ಸಿಟಿ ಬಸ್ಸಿನಲ್ಲೇ ತಂದರು. ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ.

"ಸಾರ್, ಲಗೇಜ್ ಟಿಕೆಟ್ ತಗೊಳ್ಳಿ" ಅಂದ ಕಂಡಕ್ಟರ್.

"ಲಗೇಜ್ ಅಲ್ಲಪ್ಪ ಇದು, ಬಾಗಿಲು."

"ಬಾಗಿಲು ಆದ್ರೆ ಜನ ಹತ್ತಿ ಇಳಿಯೋಕೆ ಬಿಡಬೇಕು ಸಾರ್. ಅದನ್ನ ಹಿಡ್ಕೊಂಡು ಅಡ್ಡ ನಿಂತಿದೀರಲ್ಲ."

ಇಡೀ ಬಸ್ಸು ನಕ್ಕಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಿಗುಪ್ಪೆ ಬರುವವರೆಗೂ ಅವರು ಯಾರೋ ನಾನು ಯಾರೋ ಎಂಬಂತೆ ಕೂತಿದ್ದೆ. ಇಳಿಯುವಾಗ ಭಾವ, "ಟೀಚರಮ್ಮ, ಆ ತುದಿ ಸ್ವಲ್ಪ ಹಿಡ್ಕೊಳ್ಳಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಪುರಾಣದ ಧಾರಾವಾಹಿ ನೋಡಲು ಅಕ್ಕಪಕ್ಕದವರೆಲ್ಲ ಅಕ್ಕನ ಮನೆಯಲ್ಲಿ ಸೇರುತ್ತಿದ್ದರು. ಸರಿಯಾಗಿ ಆ ಹೊತ್ತಿಗೇ ಗರಗಸದ ಸದ್ದು. ಒಬ್ಬ ಹಿರಿಯರು, "ಸ್ವಾಮಿ, ದೇವರು ಮಾತಾಡ್ತಾ ಇದಾರೆ, ಸ್ವಲ್ಪ ನಿಲ್ಲಿಸಿ" ಎಂದು ಬೇಡಿಕೊಂಡರು. ಭಾವ ನಿಲ್ಲಿಸಿದರು. ಜಾಹೀರಾತು ಬಂದಾಗ ಮತ್ತೆ ಶುರು.

ಆ ಹಲಗೆಗಳ ಮೇಲೆ ಕಪ್ಪು ಬಣ್ಣದ ಗುರುತುಗಳಿದ್ದವು. ಒಂದರ ಮೇಲೆ ಬಾಣ, ಒಂದರ ಮೇಲೆ ಛತ್ರಿ, ಒಂದರ ಮೇಲೆ ಉದ್ದ ಕಾಲಿನ ಗಾಜಿನ ಲೋಟ. ತೋಪಡ ಹಿಡಿದು ನಾಲ್ಕು ಸಲ ಹೆರೆದರೆ ಹೋಗುತ್ತಿದ್ದವು. ಭಾವ ಹೆರೆಯಲಿಲ್ಲ. "ಹಡಗು ಹತ್ತಿ ಬಂದಿರೋ ಮರ. ಅದರ ಮುಖ ಉಜ್ಜೋಕೆ ನಾನ್ಯಾರು?" ಎಂದರು. ಎತ್ತರದ ಮೊದಲ ಬಾಗಿಲಿಗೆ ಬಾಣ ಬಂತು, ಎರಡನೆಯದಕ್ಕೆ ಛತ್ರಿ, ಮೂರನೆಯದಕ್ಕೆ ಗಾಜಿನ ಲೋಟ. ಬಾಗಿಲುಗಳನ್ನು ಗೋಡೆಗೆ ಒರಗಿಸಿಟ್ಟ ದಿನ ಅಡುಗೆಮನೆಯ ಬಾಗಿಲ ಸಂದಿಯಿಂದ ಅಮ್ಮ ಇಣುಕಿ ನೋಡಿದಳು.

"ಅಳಿಯಂದಿರನ್ನ ಕೇಳೇ, ಹಬ್ಬಕ್ಕೆ ಬಂದೋರು ಇದನ್ನ ನೋಡಿ ಇಲ್ಲಿ ಬ್ರಾಂದಿ ಸಿಗುತ್ತೆ ಅಂದ್ಕೊಳಲ್ವಾ ಅಂತ."

ಮಾತು ಹೇಳಿದ್ದು ಅಕ್ಕನಿಗೆ, ಅಕ್ಕನ ಕೈಯಲ್ಲಿ ಅಕ್ಕಿ ತೊಳೆಯುವ ಪಾತ್ರೆ. ಭಾವ ಹಾಲಿನಿಂದಲೇ ಅಂದರು: "ಅತ್ತೆಯವರಿಗೆ ಹೇಳು, ಅದು ಬ್ರಾಂದಿ ಲೋಟ ಅಲ್ಲ. ಒಳಗೆ ಬೆಲೆಬಾಳೋ ವಸ್ತು ಇದೆ, ಎತ್ತಿ ಹಾಕ್ಬೇಡಿ, ಜೋಪಾನ ಅಂತ ಗುರುತು."

"ಜೋಪಾನ ಅಂತ ಬರೆದ್ರೆ ಆಗ್ತಿರಲಿಲ್ವಾ ಅಂತ ಕೇಳು."

"ಹಡಗಿನೋರಿಗೆ ಕನ್ನಡ ಬರಲ್ಲ ಅಂತ ಹೇಳು."

"ಇಬ್ರೂ ನನ್ನ ಬಿಟ್ಬಿಡಿ, ಅನ್ನಕ್ಕೆ ಇಡ್ಬೇಕು" ಅಂದಳು ಅಕ್ಕ.

ಹಬ್ಬಕ್ಕೆ ಒಂದು ವಾರ ಇರುವಾಗ ಭಾವ ಬಾಗಿಲುಗಳನ್ನು ಚೌಕಟ್ಟಿಗೆ ಕೂರಿಸಿದರು. ಮುಚ್ಚಿದ ಬಾಗಿಲುಗಳು ಚಿತ್ರದ ಹಾಗಿದ್ದವು. ತೆರೆಯಲು ಹೋದರೆ ಅಂಗೈ ಅಗಲ ಬಂದು ನೆಲಕ್ಕೆ ಕಚ್ಚಿಕೊಂಡು ನಿಂತವು. ಭಾವ ರಸಮಟ್ಟ ಇಟ್ಟು ನೋಡಿದರು. ಒಳಗಿನ ಗುಳ್ಳೆ ನಡುಮಧ್ಯದಲ್ಲೇ ನಿಂತಿತು.

"ಬಾಗಿಲು ಸರಿ ಇದೆ. ನೆಲ ತಪ್ಪು" ಎಂದು ಘೋಷಿಸಿದರು.

"ಹಾಗಾದ್ರೆ ಮನೆ ಕೆಡವಿ, ಬಾಗಿಲಿಗೆ ಸರಿಯಾಗಿ ಕಟ್ಟಿ" ಅಂದೆ ನಾನು.

ಆ ದಿನ ಊಟವಾದ ಮೇಲೂ ಅವರು ಬಾಗಿಲುಗಳ ಮುಂದೆಯೇ ಹೋಗಿ ಕೂತರು. ಬಾಗಿಲು ಕೂರಿಸಲೆಂದು ಅಡುಗೆಮನೆಗೆ ಸರಿಸಿದ್ದ ಟ್ರಂಕಿನ ಪಕ್ಕ ಅಮ್ಮ ಕೂತು ಸೀರೆಗಳನ್ನು ಮತ್ತೊಮ್ಮೆ ಮಡಿಸಿ ಜೋಡಿಸುತ್ತಿದ್ದಳು. ಮಡಿಸುತ್ತಲೇ, ಯಾರಿಗೂ ಅಲ್ಲದ ಹಾಗೆ, ಗೋಡೆಗೆ ಹೇಳಿದಳು: "ನೆಲ ತೊಳೆದ ನೀರು ಬಚ್ಚಲ ಕಡೆ ಹೋಗಲಿ ಅಂತ ಗಾರೆಯೋರು ಓರೆ ಕೊಟ್ಟಿರ್ತಾರಪ್ಪ. ಒಂದು ಚೊಂಬು ನೀರು ಚೆಲ್ಲಿ ನೋಡಿದ್ರೆ ಗೊತ್ತಾಗುತ್ತೆ."

ಭಾವ ಎದ್ದು ಚೊಂಬು ತಂದು ಚೆಲ್ಲಿದರು. ಕೆಂಪು ನೆಲದ ಮೇಲೆ ನೀರು ಹಾಲಿನ ನಡುವಿನಿಂದ ಹೊರಟು ಮೆಟ್ಟಿಲಡಿಗೇ ಬಂದು, ಅಲ್ಲಿಂದ ಗೋಡೆ ಹಿಡಿದು ಬಚ್ಚಲಿಗೆ ಹರಿಯಿತು. ಅಂದರೆ ಬಾಗಿಲು ಹೊರಗೆ ಬಂದಷ್ಟೂ ನೆಲ ಎತ್ತರ. ಅವರು ಒದ್ದೆ ನೆಲದ ಮೇಲೆ ಕೂತು ಆ ನೀರನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಎಲ್ಲ ಬಾಗಿಲುಗಳನ್ನೂ ಬಿಚ್ಚಿ, ಕೆಳಗಡೆ ಎರಡು ಬೆರಳಷ್ಟು ಕೊಯ್ದು, ಆ ಸಂದಿಗೆ ಜಿರಳೆ ನುಗ್ಗದ ಹಾಗೆ ಉದ್ದಕ್ಕೂ ಒಂದು ಹೊಸ್ತಿಲು ಕೂರಿಸಿದರು. ಅಕ್ಕ ಸುಮ್ಮನಿರಲಿಲ್ಲ. ಹೊಸ್ತಿಲು ಅಂದ ಮೇಲೆ ಹೊಸ್ತಿಲೇ ಎಂದು ಹಬ್ಬದ ದಿನ ಅದಕ್ಕೂ ಅರಿಶಿನ ಕುಂಕುಮ ಇಟ್ಟು ರಂಗೋಲಿ ಎಳೆದಳು. ಗ್ಯಾಸ್ ಸಿಲಿಂಡರಿಗೆ ಅಂಥ ಗೌರವ ಬೇರೆ ಯಾವ ಮನೆಯಲ್ಲಿ ಸಿಕ್ಕೀತು?

ಹಬ್ಬದ ದಿನ ಬಡಗಿ ಇಸ್ತ್ರಿ ಅಂಗಿ ಹಾಕಿಕೊಂಡು ಊಟಕ್ಕೆ ಬಂದ. ಬಂದವನೇ ಮೆಟ್ಟಿಲಡಿ ನೋಡಿ ನಿಂತ. ಮೊದಲ ಮೂರು ಬಾಗಿಲುಗಳನ್ನು ಒಂದೊಂದಾಗಿ ತೆರೆದ, ಮುಚ್ಚಿದ, ಅಂಚಿನ ಮೇಲೆ ಹೆಬ್ಬೆರಳು ಎಳೆದ. ಒಳಗೆ ಪೊರಕೆ ಪೊರಕೆಯ ಜಾಗದಲ್ಲಿ, ರಾಗಿ ರಾಗಿಯ ಜಾಗದಲ್ಲಿ, ಛತ್ರಿಯ ಗುರುತಿನ ಹಿಂದೆ ಛತ್ರಿಗಳು. ಮೂರನೆಯ ಬಾಗಿಲ ಮುಂದೆ ನನಗೊಂದು ಆಶ್ಚರ್ಯ. ಅಮ್ಮನಿಗೆ ಹಿಡಿಸದ ಆ ಗಾಜಿನ ಲೋಟ ಅಲ್ಲಿರಲಿಲ್ಲ, ಬೇರೆ ಹಲಗೆ ಬಂದಿತ್ತು.

"ಯಾವ ಮೇಸ್ತ್ರಿ ಸಾರ್ ಮಾಡಿದ್ದು?" ಎಂದು ಊಟಕ್ಕೆ ಕೂತ ಮೇಲೆ ಕೇಳಿದ ಬಡಗಿ.

ಭಾವ ಕಿವಿಯ ಮೇಲಿನ ಪೆನ್ಸಿಲ್ ಸರಿ ಮಾಡಿಕೊಂಡು, "ಅವರಿಗೆ ಇನ್ನೊಂದು ಒಬ್ಬಟ್ಟು ಹಾಕೇ" ಎಂದರು. ಸಾಮ್ರಾಜ್ಯ ಗೆದ್ದವರೂ ಅಷ್ಟು ನಿಧಾನವಾಗಿ ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿರಲಾರರು.

"ಎಲ್ಲ ಸರಿ ಸಾರ್. ಆ ಮೂಲೇದು ಯಾಕೆ? ಅಷ್ಟು ಗಿಡ್ಡ ಬಾಗಿಲು ನಾನಾಗಿದ್ರೆ ಹಲಗೆ ಹೊಡೆದು ಮುಚ್ಚಿಬಿಡ್ತಿದ್ದೆ. ತೆಗೀಬೇಕಂದ್ರೆ ನೆಲಕ್ಕೆ ಕೂರಬೇಕು."

"ಹೌದು, ಕೂರಬೇಕು" ಅಂದರು ಭಾವ.

ನಾಲ್ಕನೆಯ ಆ ಪುಟ್ಟ ಬಾಗಿಲಿಗೆ ಮಾತ್ರ ಬೀಗ ಹಾಕಿತ್ತು. ಬಡಗಿ ಹೊರಟ ಮೇಲೆ ಅಕ್ಕ ಕೇಳಿದಳು, "ರೀ, ಇದರ ಬೀಗದಕೈ ಎಲ್ಲಿ?"

"ನನ್ನ ಹತ್ರ ಇಲ್ಲ. ಅತ್ತೆಯವರಿಗೆ ಹೇಳು, ಅವರ ಗೊಂಚಲಲ್ಲಿ ಹುಡುಕಲಿ ಅಂತ."

ನನಗೆ ಆಗ ನೆನಪಾಯಿತು. ತಿಪಟೂರಿನ ಮನೆ ಖಾಲಿ ಮಾಡಿದಾಗ ಅಮ್ಮನ ದೊಡ್ಡ ಮರದ ಬೀರುವನ್ನು ತರಲು ಸಾಧ್ಯವಾಗದೆ ಮಾರಿಬಿಟ್ಟಿದ್ದೆವು. ಲಾರಿ ಕಾಯುತ್ತಿದ್ದರೂ ಭಾವ ತಿರುಪುಳಿ ಹಿಡಿದು ತಳ್ಳಿದರೆ ತಾನೇ ಬೀಳುವ ಅದರ ಹಿತ್ತಾಳೆ ಬೀಗವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ಕೊಂಡವನು, "ಬೀಗ ಇಲ್ಲದ ಬೀರು ಯಾರಿಗೆ ಬೇಕು ಸ್ವಾಮಿ" ಎಂದು ಕೂಗಾಡಿದ್ದ. ಇವರಿಗೆ ತಲೆ ಸರಿ ಇಲ್ಲ ಅಂತ ನಾವೂ ನಕ್ಕಿದ್ದೆವು.

ಅಮ್ಮ ಜರುಗಿಕೊಂಡು ಬಂದಳು. ಕೂತವಳ ಎದೆಯ ಮಟ್ಟಕ್ಕೆ ಸರಿಯಾಗಿ ಆ ಬೀಗ. ಹಿತ್ತಾಳೆಯ ಮೇಲೆ ಒಮ್ಮೆ ಬೆರಳಾಡಿಸಿದಳು. ಗೊಂಚಲಲ್ಲಿ ಹುಡುಕಲೇ ಇಲ್ಲ, ಕೈ ತಾನಾಗಿ ಆ ಬೀಗದಕೈಯನ್ನೇ ಹಿಡಿಯಿತು. ಒಂದು ಸುತ್ತು. ಬಾಗಿಲು ನೆಲಕ್ಕೆ ತಾಗದೆ, ಸದ್ದಿಲ್ಲದೆ ತೆರೆದುಕೊಂಡಿತು. ಒಳಗೆ ಎರಡು ಹಂತ, ಹಾಸಿದ ಹೊಸ ಕಾಗದ. ಬಾಗಿಲ ಒಳಮೈಯಲ್ಲಿ, ತೆರೆದವರಿಗೆ ಮಾತ್ರ ಕಾಣುವ ಹಾಗೆ, ಆ ಉದ್ದ ಕಾಲಿನ ಗಾಜಿನ ಲೋಟ.

ಅಮ್ಮ ಸೆರಗಿನ ತುದಿಯಿಂದ ಅದರ ಮೇಲಿನ ಮರದ ಹೊಟ್ಟು ಒರೆಸಿದಳು. ಆಮೇಲೆ ನನ್ನಿಂದ ಟ್ರಂಕು ಎಳೆಸಿಕೊಂಡಳು. ಸೀರೆಗಳು, ಎಲೆಅಡಿಕೆ ಡಬ್ಬಿ, ಅಪ್ಪನ ಕನ್ನಡಕ, ಒಂದೊಂದಾಗಿ ಒಳಗಿಟ್ಟಳು. ಬೀಗ ಹಾಕಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಸೆರಗು ಹೊದೆಯಲಿಲ್ಲ, ಬಾಗಿಲ ಹಿಂದಕ್ಕೆ ಜರುಗಲಿಲ್ಲ.

"ಟ್ರಂಕು ಖಾಲಿಯಾಯ್ತು. ನಿಮ್ಮ ಉಳಿ ಸುತ್ತಿಗೆ ಎಲ್ಲೆಲ್ಲೋ ಬಿದ್ದಿರ್ತಾವೆ. ಅದರಲ್ಲಿ ಇಟ್ಕೊಳ್ಳಿ" ಅಂದಳು.

ಭಾವ ಅಭ್ಯಾಸಬಲದಿಂದ ಅಕ್ಕನ ಕಡೆ ತಿರುಗಿ ಕಾದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಏನಂತೆ ಕಣೇ?" ಎಂದರು ಭಾವ.

"ಅವಳನ್ನ ಯಾಕೆ ಕೇಳ್ತೀರಿ?" ಅಂದಳು ಅಮ್ಮ. "ನಿಮಗೇ ಹೇಳಿದ್ದು."