ಓಡದ ಐದು ಗಡಿಯಾರ

ಬಸ್ಸು ಆವತ್ತೂ ಹೊತ್ತಿಗೆ ಮುಂಚೆಯೇ ಹೊರಟುಹೋಗಿತ್ತು. ಎರಡು ತಿಂಗಳಿಂದ ಇದೇ ಹಣೆಬರಹ. ಗಡಿಯಾರ ರಿಪೇರಿಯ ಮುಳ್ಳಣ್ಣ ಬಸ್ಸಿನ ಬೆನ್ನಿಗೂ ಅದರ ಡ್ರೈವರನ ಏಳು ತಲೆಮಾರಿಗೂ ಬೈದು, ನಡೆದೇ ಅಂಗಡಿ ಸೇರಿದ. ಮುಳ್ಳಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಕಸುಬು ಮುಳ್ಳು ತಿರುಗಿಸುವುದು, ನಾಲಿಗೆ ಚುಚ್ಚುವಂಥದ್ದು. ಬೀದಿಯವರಿಗೆ ಬೇರೆ ಹೆಸರು ಹುಡುಕುವ ಕಷ್ಟವೇ ಬರಲಿಲ್ಲ.

ಅವನ ಪ್ರಕಾರ ಊರಿಗೆ ಊರೇ ಕೆಟ್ಟಿತ್ತು. ಬ್ಯಾಂಕಿನವರು ಹೊತ್ತಿಗೆ ಮುಂಚೆ ಬಾಗಿಲು ಹಾಕುತ್ತಾರೆ. ಅಂಚೆಯವನು ಹೊತ್ತಿಗೆ ಮುಂಚೆ ಬಂದು ಹೋಗುತ್ತಾನೆ. ಎಲ್ಲಕ್ಕೂ ಮೊಬೈಲೇ ಕಾರಣ. ಅದು ಜನರ ಕೈಗೆ ಬಂದ ಮೇಲೆ ಗಡಿಯಾರ ಹಿಡಿದುಕೊಂಡು ಅಂಗಡಿ ಮೆಟ್ಟಿಲು ಹತ್ತುವವರೇ ಇಲ್ಲ. ಅವನಂತೂ ಅದನ್ನು ಮುಟ್ಟಿದವನಲ್ಲ. ಕೈಯಲ್ಲಿ ಮೂವತ್ತು ವರ್ಷದ ವಾಚು ಇತ್ತು, ಅಂಗಡಿಯ ಗಡಿಯಾರಗಳೆಲ್ಲ ಅದರ ಮಾತನ್ನೇ ಕೇಳುತ್ತಿದ್ದವು.

ಉಳಿದಿದ್ದದ್ದು ಒಂದೇ ಆಸೆ. ಶಾಲೆಯ ದೊಡ್ಡ ಗಡಿಯಾರ ಕೆಟ್ಟು ಕೂತಿತ್ತು, ಉಳಿದವು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಅದನ್ನು ಸರಿಮಾಡಿ, ಅಲ್ಲಿನ ಹದಿನಾಲ್ಕು ಗಡಿಯಾರಗಳನ್ನೂ ನೋಡಿಕೊಳ್ಳುವ ಕೆಲಸ ಯಾರಿಗೆಂದು ಹೆಡ್ ಮೇಡಂ ಈ ವಾರ ತೀರ್ಮಾನಿಸಬೇಕಿತ್ತು. ಅದು ಕೈತಪ್ಪಿದರೆ ಅಂಗಡಿಗೆ ಬೀಗವೇ ಗತಿ.

ಅಷ್ಟರಲ್ಲಿ ಪಕ್ಕದ ಮಸೀದಿಯಿಂದ ಚೀಟಿ ಬಂದಿತ್ತು. ‘ನೆರೆಯವರೆಲ್ಲ ಭಾನುವಾರ ಮೂರು ಗಂಟೆಗೆ ನಮ್ಮಲ್ಲಿಗೆ ಬನ್ನಿ. ಒಳಗೆಲ್ಲ ನೋಡಿ, ಮನಸ್ಸಿನಲ್ಲಿದ್ದದ್ದು ಕೇಳಿ, ಚಹಾ ಕುಡಿದು ಹೋಗಿ.’

“ಇಪ್ಪತ್ತೆರಡು ವರ್ಷ ಒಂದೇ ಗೋಡೆ ಹಂಚ್ಕೊಂಡಿದ್ದೀವಿ. ಈಗ ನೆನಪಾಯ್ತಾ ಇವರಿಗೆ?” ಎಂದು ಮುಳ್ಳಣ್ಣ ಬೆಳಿಗ್ಗೆ ಹೆಂಡತಿಯ ಮುಂದೆ ಸಿಡಿದಿದ್ದ.

“ಕರೀದಿದ್ರೂ ಬೈತೀರಿ, ಕರೆದ್ರೂ ಬೈತೀರಿ. ನೀವಾದ್ರೂ ಒಂದಿನ ಅವರ ಹೊಸಿಲು ತುಳಿದಿದ್ದೀರಾ?” ಎಂದಳು ಹೆಂಡತಿ. “ಹೆಡ್ ಮೇಡಮ್ಮೂ ಬರ್ತಾರಂತೆ. ಬಾಯಿ ಬಿಗಿ ಹಿಡ್ಕೊಂಡು ಹೋಗಿ ಬನ್ನಿ.”

ಭಾನುವಾರ ಸರಿಯಾಗಿ ಮೂರಕ್ಕೆ ಅವನು ಮಸೀದಿಯ ಬಾಗಿಲಲ್ಲಿದ್ದ. ನೋಡಿದರೆ ಮೆಟ್ಟಿಲ ತುಂಬ ಚಪ್ಪಲಿ, ಒಳಗೆ ನರಪಿಳ್ಳೆಯಿಲ್ಲ. ಹಿತ್ತಲ ಕಡೆಯಿಂದ ಮೌಲ್ವಿಗಳ ದನಿ ಕೇಳುತ್ತಿತ್ತು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ನಲ್ಲಿಗಳನ್ನು ನೆರೆಯವರಿಗೆ ತೋರಿಸುತ್ತಿದ್ದರು. ಮೂರಕ್ಕೆ ಬನ್ನಿ ಅಂತ ಕರೆದು ಮೂರಕ್ಕೆ ಮುಂಚೆ ಶುರುಮಾಡುವುದೇ? ಮುಳ್ಳಣ್ಣನಿಗೆ ಮೈಯೆಲ್ಲ ಉರಿಯಿತು.

ಉರಿಯುತ್ತಲೇ ಎದುರಿನ ಗೋಡೆ ನೋಡಿದ. ಸಾಲಾಗಿ ಆರು ಗಡಿಯಾರ. ಒಂದು ಐದೂವರೆ ಎನ್ನುತ್ತಿತ್ತು, ಇನ್ನೊಂದು ಒಂದೂವರೆ, ಮತ್ತೊಂದು ಎಂಟೂಕಾಲು. ಐದು ಸತ್ತು ನಿಂತಿದ್ದವು. ಓಡುತ್ತಿದ್ದ ಆರನೆಯದು ಅವನ ವಾಚಿಗಿಂತ ಹನ್ನೊಂದು ನಿಮಿಷ ಮುಂದಿತ್ತು. ಪ್ರತಿಯೊಂದರ ಕೆಳಗೂ ಏನೋ ಬರೆದಿತ್ತು, ಆ ಲಿಪಿ ಅವನಿಗೆ ಬಾರದು.

“ಥೂ, ಗೋಡೆಯಾಚೆ ನಾನಿದ್ದೀನಿ. ಒಂದು ಮಾತು ಹೇಳೋಕೆ ಏನಾಗಿತ್ತು ಇವರಿಗೆ?” ಎಂದು ಗೊಣಗಿ ಸ್ಟೂಲು ಎಳೆದುಕೊಂಡ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇದ್ದೇ ಇತ್ತು. ಬಿಚ್ಚಿ ನೋಡಿದರೆ ಐದರ ಹೊಟ್ಟೆಯಲ್ಲೂ ಮೆಷಿನ್ನೇ ಇಲ್ಲ. ಯಾವನೋ ಕಳ್ಳ ಈ ಸಾಧು ಜನರ ತಲೆಗೆ ಬರೀ ಡಬ್ಬ ಕಟ್ಟಿ ಹೋಗಿದ್ದಾನೆ. ಅವನ ಕೋಪ ಈಗ ಮಸೀದಿಯವರನ್ನು ಬಿಟ್ಟು ಆ ಕಳ್ಳನ ಮೇಲೆ ತಿರುಗಿತು. ನಾಲ್ಕು ಜನ ಬಂದ ಹೊತ್ತಿನಲ್ಲಾದರೂ ಇವರ ಮಾನ ಉಳಿಯಲಿ ಎಂದು, ವಾಚು ನೋಡಿಕೊಂಡು ಆರಕ್ಕೂ ಮೂರೂ ಇಪ್ಪತ್ತು ಇಟ್ಟ.

ಸ್ಟೂಲಿನಿಂದ ಇಳಿದು ಉಸಿರು ಬಿಡುವುದರಲ್ಲಿ ನೆರೆಯವರೆಲ್ಲ ಒಳಗೆ ಬಂದರು. ಮುಂದೆ ಮೌಲ್ವಿಗಳು, ಪಕ್ಕದಲ್ಲೇ ಹೆಡ್ ಮೇಡಂ.

ಮೌಲ್ವಿಗಳು ಗೋಡೆಗೆ ಬೆನ್ನು ಮಾಡಿ ನಿಂತರು. “ಈ ಐದು ಗಡಿಯಾರ ಓಡೋದಿಲ್ಲ. ದಿನದ ಐದು ನಮಾಜು ಎಷ್ಟೆಷ್ಟು ಹೊತ್ತಿಗೆ ಅಂತ ಮುಳ್ಳು ಇಟ್ಟಿರ್ತೀವಿ. ಹೊಸಬರು ಬಂದ್ರೂ ಯಾರನ್ನೂ ಕೇಳಬೇಕಾಗಿಲ್ಲ, ನೋಡಿದ್ರೆ ಸಾಕು.”

ಹೆಡ್ ಮೇಡಂ ನೋಡಿದರು. “ಅಲ್ಲ ಸ್ವಾಮಿ, ಐದೂ ನಮಾಜು ಮೂರೂ ಇಪ್ಪತ್ತಕ್ಕೇನಾ?”

ಮೌಲ್ವಿಗಳು ತಿರುಗಿದರು. ಎಲ್ಲರ ಕಣ್ಣು ಗೋಡೆಯಿಂದ ಸ್ಟೂಲಿಗೆ, ಸ್ಟೂಲಿನಿಂದ ಮುಳ್ಳಣ್ಣನ ಕೈಯ ಸ್ಕ್ರೂಡ್ರೈವರಿಗೆ ಬಂದವು.

“ನನಗೇನು ಕನಸು ಬಿದ್ದಿತ್ತಾ?” ಎಂದ ಮುಳ್ಳಣ್ಣ. “ನಿಂತ ಗಡಿಯಾರ ಕಂಡ್ರೆ ಸುಮ್ನಿರೋಕೆ ನನ್ನಿಂದಾಗಲ್ಲ.”

ಮೌಲ್ವಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. “ತಪ್ಪು ನಮ್ಮದೇ ಅಣ್ಣಾ. ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲ ಕರೆದು ತೋರಿಸಿದ್ದಿದ್ರೆ ಹೀಗಾಗ್ತಿತ್ತಾ? ಇನ್ಮೇಲೆ ಈ ಗಡಿಯಾರಗಳ ಜವಾಬ್ದಾರಿ ನಿಮ್ಮದೇ.”

“ಹೇಳದೇನೇ ಕೆಲಸ ಮಾಡೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ?” ಎಂದರು ಹೆಡ್ ಮೇಡಂ. “ನಮ್ಮ ಶಾಲೆಯದ್ದೂ ಇವರಿಗೇ ಇರಲಿ.”

ಮುಳ್ಳಣ್ಣನ ಎದೆ ಉಬ್ಬಿತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟೆಲ್ಲ ಇಳಿದು, ಕಣ್ಣಂಚು ಒದ್ದೆಯಾಯಿತು.

ಆಗ ಆಜಾನ್ ಕೊಡುವ ಮುದುಕರು ಆರನೆಯ ಗಡಿಯಾರದ ಕಡೆ ಕತ್ತೆತ್ತಿದರು. “ಇದು ಓಡೋ ಗಡಿಯಾರ. ಇವತ್ತು ಬೆಳಿಗ್ಗೆ ತಾನೇ ಮೊಬೈಲ್ ನೋಡಿ ಸರಿ ಇಟ್ಟಿದ್ದೆ. ಮೂರೂ ಇಪ್ಪತ್ನಾಲ್ಕು ಅಂತಿದೆಯಲ್ಲ?”

ಎಲ್ಲರ ಜೇಬಿನಿಂದಲೂ ಮೊಬೈಲು ಹೊರಬಂತು. ಎಲ್ಲದರಲ್ಲೂ ಮೂರೂ ಮೂವತ್ತೈದು.

“ಅಂದ್ರೆ ನಿಮ್ಮ ವಾಚು ಹನ್ನೊಂದು ನಿಮಿಷ ಹಿಂದೆ,” ಎಂದರು ಹೆಡ್ ಮೇಡಂ, ಒಂದೊಂದೇ ಮಾತು ಅಳೆದು. “ಶಾಲೆ ಗಡಿಯಾರ ಕೆಟ್ಟ ಮೇಲೆ ನಮ್ಮ ಜವಾನ ದಿನಾ ನಿಮ್ಮ ಅಂಗಡಿ ಮುಂದೆ ನಿಂತು ಟೈಮ್ ನೋಡ್ಕೊಂಡು ಬಂದು ಬೆಲ್ ಹೊಡೀತಾನೆ. ಎರಡು ತಿಂಗಳಿಂದ ಬೆಲ್ ಲೇಟು ಅಂತ ಆ ಪಾಪದವನನ್ನ ಬೈದಿದ್ದೇ ಬೈದಿದ್ದು ನಾನು. ಬೇಡಪ್ಪಾ, ಶಾಲೆಗೆ ಬೇರೆಯವರನ್ನ ನೋಡ್ತೀನಿ.”

ಮುಳ್ಳಣ್ಣ ಮೌಲ್ವಿಗಳ ಮುಖ ನೋಡಿದ. “ನೀವೂ ಮಾತು ವಾಪಸ್ ತಗೋತೀರಾ?”

“ಛೆ ಛೆ, ಕೊಟ್ಟ ಮಾತು ಕೊಟ್ಟಿದ್ದೇ,” ಎಂದು ಮೌಲ್ವಿಗಳು ಅವನ ಹೆಗಲ ಮೇಲೆ ಕೈಯಿಟ್ಟರು. “ಓಡದೇ ಇರೋ ಐದೂ ನಿಮ್ಮವು. ಓಡೋದನ್ನ ಮಾತ್ರ ನಾವು ನೋಡ್ಕೋತೀವಿ.”

ಚಹಾ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಮುಳ್ಳಣ್ಣ ಹೊರಗೆ ಬಂದ. ಅಭ್ಯಾಸಬಲದಿಂದ ವಾಚು ನೋಡಿದ. ಮನೆ ಕಡೆಯ ಬಸ್ಸಿಗೆ ಇನ್ನೂ ಹನ್ನೊಂದು ನಿಮಿಷವಿತ್ತು. ಬಸ್ಸು ಅವನ ಕಣ್ಣೆದುರೇ ಹೊರಟಿತು. ಡ್ರೈವರನಿಗೆ ಬೈಯಲೆಂದು ಬಾಯಿ ತೆರೆದವನು, ಬೈಗುಳವೊಂದೂ ಬಾರದೆ, ಬಾಯಿ ಮುಚ್ಚಿಕೊಂಡು ನಡೆಯತೊಡಗಿದ.